ನರೇಂದ್ರನ ಉಸಿರು, ನನ್ನ ಗಂಟಲು

ನಮ್ಮ ಪಿ.ಟಿ. ಮೇಷ್ಟ್ರು ನೀಲಕಂಠಪ್ಪ ಸಾರ್ ದನಿಯಲ್ಲಿ ನಾನು ಒಂದು ಸಲ ಇಡೀ ಒಂಬತ್ತನೇ ಕ್ಲಾಸನ್ನು ಮೈದಾನದ ಸುತ್ತ ಓಡಿಸಿದ್ದೇನೆ. ಕಾಂಪೌಂಡ್ ಗೋಡೆಯ ಹಿಂದೆ ನಿಂತು, ಹೊಟ್ಟೆಯಿಂದ ದನಿ ತೆಗೆದು, "ಲೇಯ್, ಯಾರೋ ಅದು ಮದ್ವೆ ಮೆರವಣಿಗೆ ಥರ ನಡೀತಿರೋದು? ಓಡ್ರೋ!" ಅಂದೆ, ಅಷ್ಟೇ. ಸಾರ್ ಆಗ ಸ್ಟಾಫ್ ರೂಮಿನಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಹೊರಗೆ ಬಂದು ನೋಡಿದರೆ ಹುಡುಗರು ಬೆವರು ಸುರಿಸಿಕೊಂಡು ಓಡುತ್ತಿದ್ದಾರೆ. "ನೋಡಿ ಮೇಡಂ, ಹೇಳ್ದೇನೇ ಓಡ್ತಾವೆ ನನ್ ಹುಡುಗ್ರು" ಎಂದು ಪಕ್ಕದಲ್ಲಿದ್ದ ಸೈನ್ಸ್ ಮೇಡಂಗೆ ಹೇಳಿದರು. ಹೆಮ್ಮೆಗೆ ಸಾರ್ ಕಣ್ಣಲ್ಲಿ ನೀರೇ ಬಂದಿತ್ತು.

ಅವತ್ತಿನಿಂದ ನನ್ನ ಹೆಸರು ಡಬ್ಬಿಂಗ್. ಹಾಜರಿ ಪುಸ್ತಕದಲ್ಲಿ ಸುಶ್ರುತ ಅಂತಿದೆ, ಆದರೆ ಹಾಗೆ ಕರೆಯುವವರು ಹನುಮಂತನಗರದ ನನ್ನ ಅಜ್ಜಿ ಮಾತ್ರ. ಮೆಟ್ರೋದಲ್ಲಿ "ಮುಂದಿನ ನಿಲ್ದಾಣ ಬನಶಂಕರಿ" ಅನ್ನುವ ಹೆಂಗಸಿನಿಂದ ಹಿಡಿದು ಮೂಲೆ ಅಂಗಡಿಯ ಶಾಮಣ್ಣನವರೆಗೆ ಯಾರು ಬೇಕಾದರೂ ನನ್ನ ಗಂಟಲಲ್ಲಿ ಬಂದು ಹೋಗುತ್ತಾರೆ. ನಾನು ಯಾವ ಜಾಗಕ್ಕೆ ಹೋದರೂ ಡೈಲಾಗ್ ಇಲ್ಲದೆ ಒಳಗೆ ಕಾಲಿಡುವುದಿಲ್ಲ. ಕಬಡ್ಡಿ ಅಂಕಣಕ್ಕೆ ಇಳಿಯುವಾಗ ನನ್ನದೊಂದು ಸ್ವಂತ ಡೈಲಾಗಿತ್ತು: "ನಾನ್ ಬರೋವರ್ಗೂ ಮೌನ. ಬಂದ್ಮೇಲೆ ಮೌನಾಚರಣೆ!"

ಅದನ್ನು ಕೇಳಿ ನಗುತ್ತಿದ್ದವನು ನರೇಂದ್ರ.

ನರೇಂದ್ರ ನಮ್ಮ ಶಾಲೆಯ ರೈಡರ್. ಸಾರಕ್ಕಿಯ ಹಳೇ ಊರಿನ ಹುಡುಗ. ಅಪ್ಪ ಇಲ್ಲ, ತಾತ ಪಿಳ್ಳಪ್ಪ ಮತ್ತು ಅಮ್ಮ ಸುಧಾಮಣಿ ಇದ್ದಾರೆ. ಅಮ್ಮ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆಗೆ ಫಾಲ್ ಹಾಕಿ ಝಿಗ್‌ಜ್ಯಾಗ್ ಮಾಡುವ ಒಂದು ಪುಟ್ಟ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಾರೆ. ನರೇಂದ್ರ ಅಂಕಣಕ್ಕೆ ನುಗ್ಗಿದರೆ ಅವನ "ಕಬಡ್ಡಿ ಕಬಡ್ಡಿ" ಒಂದೇ ನೂಲಿನ ಹಾಗೆ ಹೊರಬರುತ್ತಿತ್ತು. ಕೊನೆಯ 'ಡ್ಡಿ'ಯನ್ನು ಸ್ವಲ್ಪ ಮೂಗಿನಲ್ಲಿ ಎಳೆಯುತ್ತಿದ್ದ, ದೂರದಲ್ಲೊಂದು ದುಂಬಿ ತಿರುಗಿದ ಹಾಗೆ. ಅದನ್ನು ಕಲಿಯಲು ನನಗೆ ಒಂದು ಇಡೀ ಬೇಸಿಗೆ ರಜೆ ಬೇಕಾಯಿತು. ಕಲಿತ ಮೇಲೆ ಮಾತ್ರ ಅವನ ತಾತನಿಗೇ ಯಾರದ್ಯಾವುದೆಂದು ತಿಳಿಯಲಿಲ್ಲ.

ಕಬಡ್ಡಿ ಆಡದವರಿಗೆ ಒಂದು ಮಾತು ಹೇಳಬೇಕು. ಎದುರಾಳಿಗಳ ಅಂಕಣಕ್ಕೆ ಹೋದವನು ಒಂದೇ ಉಸಿರಿನಲ್ಲಿ ಕಬಡ್ಡಿ ಅನ್ನುತ್ತಲೇ ಇರಬೇಕು. ನಡುಗೆರೆ ದಾಟಿ ನಮ್ಮ ಕಡೆ ವಾಪಸ್ ಬಂದ ಮೇಲೇ ಉಸಿರು ಎಳೆದುಕೊಳ್ಳಬೇಕು. ನಡುವೆ ದನಿ ನಿಂತರೆ ರೆಫ್ರಿ ಸೀಟಿ ಊದುತ್ತಾರೆ, ಔಟ್. ನೀಲಕಂಠಪ್ಪ ಸಾರ್ ಇದನ್ನು ಪ್ರತಿ ವರ್ಷ ಹೊಸ ಹುಡುಗರಿಗೆ ಒಂದೇ ರೀತಿ ಹೇಳುತ್ತಿದ್ದರು.

"ಹೋಗೋದು ದೊಡ್ಡದಲ್ಲ ಕಣ್ರೋ. ಉಸಿರು ಮುಗಿಯಕ್ ಮುಂಚೆ ಮನೆ ಸೇರೋನೇ ರೈಡರ್ರು. ಮಿಕ್ಕಿದೋರೆಲ್ಲ ಶೋ ಕೊಡಕ್ ಹೋಗಿ ಅಲ್ಲೇ ಸಾಯೋರು."

ನಾನು ಹಿಂದೆ ನಿಂತು ಅದನ್ನೇ ಅವರ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಜುಲೈನಲ್ಲಿ ನರೇಂದ್ರನಿಗೆ ಡೆಂಗಿ ಬಂತು. ಆಸ್ಪತ್ರೆಯಿಂದ ವಾಪಸ್ ಬಂದವನು ಅರ್ಧ ಆಗಿದ್ದ. ಜ್ವರ ಹೋಗುವಾಗ ಹೃದಯಕ್ಕೆ ಏನೋ ಮಾಡಿ ಹೋಗಿದೆ, ದೀಪಾವಳಿವರೆಗೂ ಓಡಬಾರದು, ಮೆಟ್ಟಿಲು ಕೂಡ ನಿಧಾನವಾಗಿ ಹತ್ತಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ಅದನ್ನು ನನ್ನೊಬ್ಬನಿಗೇ ಹೇಳಿದ, ಅದೂ ಕಾಮಿಡಿ ಸೀನಿನ ಹಾಗೆ.

"ಹಾರ್ಟು ಊದ್ಕೊಂಡಿದ್ಯಂತೆ ಗುರು. ನಿಂಗೆ ತಲೆ ಊದ್ಕೊಂಡಿರೋ ಥರ."

"ಮತ್ತೆ ಟೂರ್ನಮೆಂಟು?"

"ಆಡ್ತೀನಿ."

"ಡಾಕ್ಟ್ರು?"

"ಡಾಕ್ಟ್ರು ರೈಡ್ ಹೋಗಲ್ವಲ್ಲ ಮಗಾ."

ವಲಯ ಮಟ್ಟದ ಫೈನಲ್‌ಗೆ ಸರ್ಕಾರಿ ಕ್ರೀಡಾ ಹಾಸ್ಟೆಲ್‌ಗೆ ಹುಡುಗರನ್ನು ಆರಿಸುವವರು ಬರುತ್ತಾರೆ ಎಂದು ಸಾರ್ ಹೇಳಿದ್ದರು. ಅಲ್ಲಿ ಸೇರಿದರೆ ಊಟ, ಓದು, ಕೋಚಿಂಗ್ ಎಲ್ಲ ಅವರದೇ. ನರೇಂದ್ರನಿಗೆ ಅದು ಏಳನೇ ಕ್ಲಾಸಿನಿಂದ ಇದ್ದ ಕನಸು. ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತಿತ್ತು.

ಸಾರ್ ಅವನನ್ನು ತಕ್ಷಣ ಆಡಿಸಲು ಒಪ್ಪಲಿಲ್ಲ. "ಮನೆಯವ್ರ ಹತ್ರ ಮಾತಾಡ್ಸು, ಆಮೇಲ್ ನೋಡಣ" ಅಂದರು. ಅವತ್ತು ಸಂಜೆ ಅವರ ಫೋನಿಗೆ ನರೇಂದ್ರನ ತಾತನಿಂದ ಒಂದು ಕರೆ ಹೋಯಿತು.

"ನಮಸ್ಕಾರ ಮೇಷ್ಟ್ರೇ, ನಾನು ಪಿಳ್ಳಪ್ಪ, ನರೇಂದ್ರನ ತಾತ. ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದವ್ರೆ. ಆಡ್ಲಿ ಬುಡಿ, ಮನೇಲ್ ಕುಂತ್ರೆ ಮುದ್ದೆ ಅರಗಲ್ಲ" ಎಂದು ಹೇಳಿ ಪಿಳ್ಳಪ್ಪ ಮೂರು ಸಲ ಕೆಮ್ಮಿದರು.

ಆ ಪಿಳ್ಳಪ್ಪ ನಾನೇ. ಕೆಮ್ಮಿದ ಮೇಲೆ ಫೋನ್ ಇಟ್ಟು ನಾವಿಬ್ಬರೂ ಬಸ್ ಸ್ಟಾಪಿನಲ್ಲಿ ಹೊಟ್ಟೆ ಹಿಡಿದು ನಕ್ಕೆವು. ನರೇಂದ್ರ ನಗುತ್ತ ನಗುತ್ತ ಒಂದು ಹಂತದಲ್ಲಿ ಕಂಬ ಹಿಡಿದುಕೊಂಡ. ಮತ್ತೆ ನಗಲಿಲ್ಲ. ಉಸಿರು ಸರಿ ಮಾಡಿಕೊಳ್ಳಲು ಅವನಿಗೆ ಎರಡು ಬಸ್ಸು ಹೋಗುವಷ್ಟು ಹೊತ್ತು ಬೇಕಾಯಿತು.

ಪ್ರಾಕ್ಟೀಸಿನ ಮೊದಲ ದಿನ ಅವನು ರೈಡ್‌ಗೆ ಹೋದ. ನಾನು ಹಿಂದೆ ನಡುಗೆರೆಯ ಹತ್ತಿರ ಕಾರ್ನರ್‌ನಲ್ಲಿ ಮಂಡಿ ಹಿಡಿದು ಬಗ್ಗಿ ನಿಂತಿದ್ದೆ. ಜರ್ಸಿಯ ಕಾಲರನ್ನು ಹಲ್ಲಲ್ಲಿ ಕಚ್ಚಿಕೊಳ್ಳುವುದು ನನ್ನ ಅಭ್ಯಾಸ. ಅವನನ್ನು ರೇಗಿಸಲು ಕಾಲರಿನೊಳಗೇ ಅವನ ಕಬಡ್ಡಿಯನ್ನು ಜೊತೆಜೊತೆಗೆ ಹೇಳತೊಡಗಿದೆ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅವನ ದನಿ ತುಂಡಾಯಿತು. ನಾನು ಗಮನಿಸದೆ ಹೇಳುತ್ತಲೇ ಇದ್ದೆ. ಸಾರ್ ಆ ಕಡೆ ನಿಂತು ಹುಡುಗರ ಕಾಲು ನೋಡುತ್ತಿದ್ದರು. ಅವರ ಕಿವಿಗೆ ಕಬಡ್ಡಿ ಕೇಳುತ್ತಿತ್ತು. ಅವರು ಸೀಟಿ ಊದಲಿಲ್ಲ. ನರೇಂದ್ರ ಒಬ್ಬನ ಭುಜ ಮುಟ್ಟಿ, ಬಾಯಿ ತೆರೆದುಕೊಂಡು ಉಸಿರು ಎಳೆಯುತ್ತಲೇ ವಾಪಸ್ ಬಂದ.

"ಅದೇ ಕಣೋ! ದಮ್ಮು ಅಂದ್ರೆ ಅದು!" ಎಂದು ಸಾರ್ ಚಪ್ಪಾಳೆ ತಟ್ಟಿದರು.

ನರೇಂದ್ರ ನನ್ನನ್ನು ತಿರುಗಿ ನೋಡಿದ. ನಗುತ್ತಿರಲಿಲ್ಲ.

ಪ್ರಾಕ್ಟೀಸ್ ಮುಗಿದ ಮೇಲೆ ಬೇಕರಿಯ ಮುಂದೆ ಅವನು ನನ್ನ ಬನ್ನಿನಲ್ಲಿ ಅರ್ಧ ಮುರಿದುಕೊಂಡು ಕೇಳಿದ:

"ಇನ್ನೊಂದ್ಸಲ ಮಾಡ್ತೀಯಾ?"

"ಏನ್ನ?"

"ಗೊತ್ತಿಲ್ದಿರೋ ಥರ ಆಡ್ಬೇಡ ಕಣೋ. ಸಿನಿಮಾದಲ್ ಹೀರೋ ಬಾಯ್ ಆಡಿಸ್ತಾನೆ, ವಾಯ್ಸು ಇನ್ಯಾರೋ ಕೊಡ್ತಾರೆ ಅಂತ ನೀನೇ ಹೇಳ್ತಿದ್ದೆ ತಾನೆ? ನಾನ್ ಬಾಯ್ ಆಡಿಸ್ತೀನಿ. ನೀನ್ ಹಿಂದೆ ನಿಂತ್ಕೊಂಡ್ ಬಿಡ್ತಾ ಇರು. ನಂಗೆ ಉಸಿರ್ ತಗೋಳಕ್ ಟೈಮ್ ಸಿಗತ್ತೆ."

"ರೆಫ್ರಿಗೆ ಗೊತ್ತಾದ್ರೆ?"

"ನನ್ ವಾಯ್ಸು ನಿನ್ ಗಂಟ್ಲಲ್ಲಿದೆ. ನಮ್ ತಾತಂಗೇ ಗೊತ್ತಾಗಿಲ್ಲ."

ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ನಾನು ಎಂಥ ಆಟಗಾರ ಎಂದರೆ, ಎದುರಾಳಿ ರೈಡರ್ ಬಂದರೆ ಅವನಿಗಿಂತ ಮೊದಲು ನಾನೇ ಗೆರೆಯಾಚೆ ಹೋಗಿರುತ್ತಿದ್ದೆ. ತಂಡದಲ್ಲಿ ನಾನಿದ್ದದ್ದು ನೀರು ಕೊಡಲು ಮತ್ತು ನಗಿಸಲು. ಈಗ ನರೇಂದ್ರ ಸಾರ್ ಹತ್ತಿರ ಹೋಗಿ, "ಡಬ್ಬಿಂಗ್ ಏಳು ಜನದಲ್ಲಿ ಇರ್ಬೇಕು ಸಾರ್, ಇಲ್ದಿದ್ರೆ ನಾನು ಆಡಲ್ಲ" ಅಂದ. ಸಾರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇವ್ನಾ? ಇವ್ನ್ ಏನ್ ಮಾಡ್ತಾನೋ?"

"ಧೈರ್ಯ ಕೊಡ್ತಾನೆ ಸಾರ್."

ನನಗೆ ನರೇಂದ್ರ ಕೊಟ್ಟ ಆರ್ಡರ್ ಒಂದೇ. ಯಾರನ್ನೂ ಹಿಡಿಯಲು ಹೋಗಬೇಡ, ಯಾರ ಕೈಗೂ ಸಿಗಬೇಡ. ನೀನು ಔಟಾಗಿ ಹೊರಗೆ ಕೂತರೆ ನಾನು ಮುಗಿದೆ.

ಎರಡನೇ ವಾರದಲ್ಲಿ ಫೋನಿನ ವಿಷಯ ಶುರುವಾಯಿತು. ಪ್ರಾಕ್ಟೀಸ್ ಮುಗಿದು ನರೇಂದ್ರ ನೀರಿನ ಟ್ಯಾಂಕಿನ ನೆರಳಲ್ಲಿ ಅಂಗಾತ ಮಲಗಿದ್ದ. ಅವನ ಬ್ಯಾಗಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ತೆಗೆದು ನೋಡಿದರೆ ಅಮ್ಮ. ಅವನು ಕೈ ಎತ್ತಲೂ ಆಗದೆ ಕಣ್ಣಲ್ಲೇ 'ನೀನು' ಅಂದ. ಪ್ರಾಕ್ಟೀಸ್ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಕೂತಿರುತ್ತೇನೆ ಎಂದು ಅವನು ಮನೆಯಲ್ಲಿ ಹೇಳಿದ್ದ.

"ಅಮ್ಮಾ, ಲೈಬ್ರರೀಲಿದೀನಿ" ಅಂದೆ, ಅವನ ದನಿಯಲ್ಲಿ, ಸ್ವಲ್ಪ ಸಿಡುಕು ಸೇರಿಸಿ. ಅವನು ಅಮ್ಮನ ಹತ್ತಿರ ಯಾವಾಗಲೂ ಹಾಗೇ ಮಾತಾಡುವುದು.

"ಊಟ ಮಾಡಿದ್ಯೇನಪ್ಪಾ?"

"ಹೂಂ."

"ಮೆಟ್ಲು ನಿಧಾನವಾಗ್ ಹತ್ತಿದ್ಯಾ?"

"ಹೂಂ ಅಮ್ಮಾ."

"ಎಲ್ಲಿ, ಫೋನ್ ಹತ್ರ ಇಟ್ಕೊಂಡು ಒಂದ್ಸಲ ಉಸಿರ್ ಬಿಡು. ಕೇಳ್ತೀನಿ."

ನನಗೆ ಅರ್ಥವಾಗಲಿಲ್ಲ. ನರೇಂದ್ರನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದ. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು ಉಸಿರು ಎಳೆದು ಬಿಟ್ಟೆ. ಇನ್ನೊಂದು ಸಲ. ಆ ಕಡೆಯಿಂದ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಚೆನ್ನಾಗಿದೆ ಕಣಪ್ಪಾ" ಎಂದರು ಆಮೇಲೆ. "ನಿನ್ನೆಗಿಂತ ಚೆನ್ನಾಗಿದೆ."

ಫೋನ್ ಇಟ್ಟ ಮೇಲೆ ನರೇಂದ್ರ ಹೇಳಿದ. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಉಸಿರಾಟದ ಮೇಲೆ ಗಮನವಿಡಿ ಎಂದಿದ್ದರಂತೆ. ಅಮ್ಮ ಅದನ್ನು ದೇವರ ಮಾತಿನ ಹಾಗೆ ಹಿಡಿದುಕೊಂಡಿದ್ದರು. ದಿನಾ ಸಂಜೆ ಅಂಗಡಿಯಿಂದ ಫೋನ್ ಮಾಡಿ ಉಸಿರು ಕೇಳಿಸಿಕೊಳ್ಳುತ್ತಿದ್ದರು.

"ಇಷ್ಟ್ ದಿನ ನೀನೇ ಕೇಳಿಸ್ತಿದ್ಯಾ?"

"ಹೂಂ. ಕುತ್ಕೊಂಡು ಸರಿ ಮಾಡ್ಕೊಂಡು ಆಮೇಲ್ ಕೇಳಿಸ್ತಿದ್ದೆ. ಇವತ್ತು ಸರಿ ಆಗ್ಲಿಲ್ಲ."

ಅವತ್ತಿನಿಂದ ಅದೂ ನನ್ನ ಪಾತ್ರವೇ ಆಯಿತು. ಸುಧಾಮಣಿ ಆಂಟಿ ದಿನಾ ಕೇಳುತ್ತಿದ್ದರು, ನಾನು ದಿನಾ ಉಸಿರು ಬಿಡುತ್ತಿದ್ದೆ, ಅವರು ದಿನಾ ನಿನ್ನೆಗಿಂತ ಚೆನ್ನಾಗಿದೆ ಅನ್ನುತ್ತಿದ್ದರು.

ಒಂದು ಶನಿವಾರ ಅಜ್ಜಿಯ ಸೀರೆ ತರಲು ನಾನು ಅದೇ ಅಂಗಡಿಗೆ ಹೋಗಬೇಕಾಯಿತು. ಆಂಟಿ ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿದರು. ಅವರ ಮುಖದಲ್ಲಿ ಎಷ್ಟೋ ದಿನಗಳಿಂದ ಇಲ್ಲದ ಒಂದು ಕಳೆ ಇತ್ತು.

"ಬಾಪ್ಪಾ. ನಮ್ ನರೇಂದ್ರನ ಮೇಲೆ ಒಂದ್ ಕಣ್ಣಿಟ್ಟಿರು. ಮೈದಾನದ ಕಡೆ ಹೋದ್ರೂ ಕುತ್ಕೊಂಡ್ ನೋಡ್ಲಿ, ಅಷ್ಟೇ. ನೀನ್ ಇರ್ತೀಯಲ್ಲ, ನಂಗ್ ಅದೇ ಧೈರ್ಯ."

"ಹೂಂ ಆಂಟಿ."

"ಮನೇಲಿ ಮಲ್ಗಿರ್ಬೇಕಾದ್ರೆ ಪಕ್ಕದಲ್ ಕುತ್ಕೊಂಡ್ ಕೇಳ್ತೀನಿ. ಏನೋ ಒಂಥರಾ ತಡೀತದೆ ನಡುವೆ. ಅದೇ ಫೋನಲ್ ಕೇಳಿದ್ರೆ ಚೆನ್ನಾಗಿರ್ತದೆ. ಮನೇಲಿ ಗಾಳಿ ಸರಿಯಾಗ್ ಆಡಲ್ಲ, ಅದಕ್ಕೇ ಇರ್ಬೇಕು ಅಂತ ಎರಡು ಕಿಟಕೀನೂ ತೆಗ್ಸಿದೀನಿ."

ಯಾವುದಾದರೂ ಡೈಲಾಗ್ ಹೊಡೆದು ಅಲ್ಲಿಂದ ಜಾರಬೇಕೆಂದುಕೊಂಡೆ. ಒಂದೂ ಬಾಯಿಗೆ ಬರಲಿಲ್ಲ. ಸೀರೆ ತೆಗೆದುಕೊಂಡು ಕಾಂಪ್ಲೆಕ್ಸಿನ ಮೆಟ್ಟಿಲಿಳಿದೆ.

ಮರುದಿನ ಅವನ ಮುಂದೆ ಮಾತೆತ್ತಿದೆ.

"ಬಿಟ್ಬಿಡೋಣ ಮಗಾ. ಸಾಕು."

"ಸೆಮಿಫೈನಲ್ ಇಟ್ಕೊಂಡು ಬಿಡೋಣ ಅಂತೀಯಾ?"

"ನಿಮ್ಮಮ್ಮ ಕಿಟಕಿ ತೆಗ್ಸಿದಾರೆ ಕಣೋ."

"ಅಂದ್ರೆ?"

"ನೀನ್ ಮಲ್ಗಿದಾಗ ಉಸಿರು ತಡೀತದಂತೆ."

ಅವನು ಸ್ವಲ್ಪ ಹೊತ್ತು ಶೂ ಲೇಸ್ ಬಿಚ್ಚಿ ಕಟ್ಟಿದ. "ಎರಡು ಮ್ಯಾಚು" ಅಂದ. "ಆಮೇಲ್ ಹಾಸ್ಟೆಲ್ ಲಿಸ್ಟಲ್ ಹೆಸ್ರು ಬಂದ್ರೆ ನಾನೇ ಹೋಗಿ ಮಲ್ಕೋತೀನಿ. ದೀಪಾವಳಿವರ್ಗೂ ಏಳಲ್ಲ. ನಿನ್ನಾಣೆ."

"ನನ್ನಾಣೆ ಇಡ್ಬೇಡ. ನಾನಿನ್ನೂ ಬದುಕ್ಬೇಕು."

ಅದಕ್ಕೆ ಅವನು ನಕ್ಕ, ನಾನೂ ನಕ್ಕೆ, ಮಾತು ಅಲ್ಲಿಗೇ ನಿಂತಿತು.

ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು. ನಾನು ದನಿ ಕದಿಯುವುದು ಕೇಳಿ ಕೇಳಿ. ಪ್ರತಿದಿನ ಅವನ ಹಿಂದೆಯೇ ನಿಂತಿರುತ್ತಿದ್ದುದರಿಂದ ಅವನ ನಿಜವಾದ ಕಬಡ್ಡಿ ಎಲ್ಲಿ ತುಂಡಾಗುತ್ತದೆ ಎಂಬುದು ನನ್ನೊಬ್ಬನಿಗೇ ಕೇಳುತ್ತಿತ್ತು. ಮೊದಲು ಅಂಕಣದ ಆ ತುದಿಯಲ್ಲಿ ತುಂಡಾಗುತ್ತಿತ್ತು. ಆಮೇಲೆ ನಡುವೆ. ಸೆಮಿಫೈನಲ್ ಹೊತ್ತಿಗೆ ಅವನು ನಡುಗೆರೆ ದಾಟಿದ ಕೂಡಲೇ ದನಿ ಹೋಗಿರುತ್ತಿತ್ತು. ಅಲ್ಲಿಂದಾಚೆ ಎಲ್ಲ ನಾನೇ. ನನ್ನ ಗಂಟಲಲ್ಲಿದ್ದದ್ದು ಜ್ವರಕ್ಕಿಂತ ಮುಂಚಿನ ನರೇಂದ್ರ. ಆ ನರೇಂದ್ರ ಗಟ್ಟಿಮುಟ್ಟಾಗಿ, ಮೂಗಿನಲ್ಲಿ 'ಡ್ಡಿ' ಎಳೆಯುತ್ತ, ಸಲೀಸಾಗಿ ಆಡುತ್ತಿದ್ದ. ಸಾರ್ ಕೇಳುತ್ತಿದ್ದುದು ಅವನನ್ನು, ತಂಡ ಕೇಳುತ್ತಿದ್ದುದು ಅವನನ್ನು, ಫೋನಿನಲ್ಲಿ ಅಮ್ಮ ಕೇಳುತ್ತಿದ್ದುದೂ ಅವನನ್ನೇ. ಎದುರಿಗೆ ಓಡುತ್ತಿದ್ದವನ ಸದ್ದು ಯಾರಿಗೂ ಕೇಳುತ್ತಿರಲಿಲ್ಲ.

ಸೆಮಿಫೈನಲ್ ಗೆದ್ದೆವು. ಒಂದೇ ರೈಡಿನಲ್ಲಿ ಮೂವರನ್ನು ಮುಟ್ಟಿ ಬಂದ ನರೇಂದ್ರನನ್ನು ಹುಡುಗರು ಹೆಗಲ ಮೇಲೆ ಎತ್ತಿಕೊಂಡರು. ಇಳಿಸಿದ ಮೇಲೆ ಅವನು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಕಟ್ಟಡದ ಹಿಂದೆ ಗೋಡೆಗೆ ಹಣೆ ಒತ್ತಿ ನಿಂತಿದ್ದ. ತುಟಿ ನೀಲಿಯಾಗಿತ್ತು.

"ಏನೋ ಇದು ತುಟಿ?"

"ನೇರಳೆ ಹಣ್ಣು ತಿಂದೆ."

ನೇರಳೆ ಹಣ್ಣಿನ ಕಾಲ ಮುಗಿದು ಎಷ್ಟೋ ದಿನವಾಗಿತ್ತು.

ಫೈನಲ್ ಜಯನಗರದ ಇನ್ನೊಂದು ಶಾಲೆಯ ಮೈದಾನದಲ್ಲಿ. ಎದುರಾಳಿ ವಿಲ್ಸನ್ ಗಾರ್ಡನ್ ಕಡೆಯ ಹುಡುಗರು. ಹಿಂದಿನ ದಿನ ಮಳೆ ಬಂದಿದ್ದರಿಂದ ಕೆಂಪು ಮಣ್ಣು ಹದವಾಗಿ ಕೂತಿತ್ತು. ಒಂದು ಕಡೆ ಅವರ ಶಾಲೆಯ ಬ್ಯಾಂಡ್, ಇನ್ನೊಂದು ಕಡೆ ನಮ್ಮ ಹುಡುಗರ ಗಂಟಲು. ಶಾಮಿಯಾನದಡಿ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದ ಇಬ್ಬರನ್ನು ತೋರಿಸಿ ಸಾರ್ ಪಿಸುಗುಟ್ಟಿದರು, "ಅವ್ರೇ ಕಣ್ರೋ ಹಾಸ್ಟೆಲ್‌ನೋರು. ನರೇಂದ್ರಾ, ನಿನ್ನೇ ನೋಡಕ್ ಬಂದವ್ರೆ. ದಮ್ಮು ತೋರ್ಸು."

ಅವತ್ತು ಮಧ್ಯಾಹ್ನವೇ, ಆಟಕ್ಕೆ ಮುಂಚೆ, ಫೋನ್ ಬಂತು. ನಾನು ಬ್ಯಾಗು ಇಟ್ಟಿದ್ದ ಮರದ ಹಿಂದೆ ಹೋಗಿ ತೆಗೆದೆ.

"ಗಲಾಟೆ ಏನಪ್ಪಾ ಅದು?"

"ಲೈಬ್ರರಿ ಪಕ್ಕದಲ್ಲಿ ಫಂಕ್ಷನ್ ಅಮ್ಮಾ."

"ಉಸಿರು ಬಿಡು."

ಬಿಟ್ಟೆ. ಅವರು ಕೇಳಿಸಿಕೊಂಡರು.

"ಇವತ್ತಂತೂ ಮುಂಚಿನ್ ಥರಾನೇ ಇದೆ ಕಣೋ. ಮುಂಚಿನ್ ಥರಾನೇ" ಎಂದರು ಸುಧಾಮಣಿ ಆಂಟಿ. ದನಿ ಒದ್ದೆಯಾಗಿತ್ತು. "ಸಂಜೆ ಬರ್ತಾ ನಿಂಗೆ ಮಸಾಲ್ ದೋಸೆ ತರ್ತೀನಿ."

ಅಂಕಣಕ್ಕೆ ಇಳಿದೆವು. ಹುಡುಗರೆಲ್ಲ ನನ್ನ ಡೈಲಾಗಿಗೆ ಕಾಯುತ್ತಿದ್ದರು. "ನಾನ್ ಬರೋವರ್ಗೂ ಮೌನ" ಎಂದು ಶುರು ಮಾಡಿದವನು ಮುಂದಿನ ಮಾತನ್ನು ನುಂಗಿಕೊಂಡೆ. ಅದನ್ನು ಅವತ್ತು ಹೇಳಲು ನನ್ನ ನಾಲಗೆ ಒಪ್ಪಲಿಲ್ಲ.

ಮೊದಲರ್ಧ ಸಮ ಸಮ. ನರೇಂದ್ರ ಪ್ರತಿ ಸಲ ಹೋಗುವಾಗ ನಾನು ಕಾಲರ್ ಕಚ್ಚಿ ಅವನ ದನಿ ಬಿಡುತ್ತಿದ್ದೆ. ನಡುವೆ ಅವರ ರೈಡರ್ ಒಬ್ಬ ನನ್ನ ಕಡೆಗೇ ನುಗ್ಗಿದ. ನಾನು ಔಟಾಗಬಾರದೆಂದು ನಮ್ಮ ಹುಡುಗನೊಬ್ಬನ ಬೆನ್ನ ಹಿಂದೆ ಅವಿತುಕೊಂಡೆ. ಎದುರಿನವರು ಹೋ ಎಂದು ನಕ್ಕರು. ಸಾರ್ ಹೊರಗಿನಿಂದ, "ಲೇ ಡಬ್ಬಿಂಗ್, ಕಣ್ಣಾಮುಚ್ಚಾಲೆ ಆಡಕ್ ಬಂದಿದ್ಯೇನೋ!" ಎಂದು ಕಿರುಚಿದರು. ನರೇಂದ್ರ ಮಾತ್ರ ನನ್ನ ಹೆಗಲು ತಟ್ಟಿದ. ಅವನ ಅಂಗೈ ಮಂಜುಗಡ್ಡೆಯ ಹಾಗಿತ್ತು.

ಇಂಟರ್ವಲ್‌ನಲ್ಲಿ ಅವನು ನೀರು ಕುಡಿಯಲಿಲ್ಲ. ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತು ಶಾಮಿಯಾನವನ್ನೇ ನೋಡುತ್ತಿದ್ದ. ಬಿಳಿ ಟೋಪಿಯವರಲ್ಲಿ ಒಬ್ಬರು ಅವನ ಕಡೆ ಬೆರಳು ತೋರಿಸಿ ಪಕ್ಕದವರಿಗೆ ಏನೋ ಹೇಳಿದರು.

"ನೋಡ್ದ್ಯಾ?" ಅಂದ ನನಗೆ.

"ನೋಡ್ದೆ. ಸಾಕಲ್ಲ? ಕಾಲು ನೋವು ಅಂತ ಹೇಳಿ ಕುತ್ಕೋ."

"ಇನ್ನೊಂದ್ ಒಳ್ಳೆ ರೈಡು. ಆಮೇಲ್ ಕುತ್ಕೋತೀನಿ."

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅವನು ಆ ರೈಡಿಗೆ ಹೋದ.

ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ನಡುಗೆರೆ ದಾಟಿದ. ಅವನ ಬಾಯಿಂದ ಒಂದು ಕಬಡ್ಡಿ ಬಂತು, ಎರಡನೆಯದು ಅರ್ಧಕ್ಕೇ ಹೋಯಿತು. ನಾನು ಹಿಡಿದುಕೊಂಡೆ. ಬ್ಯಾಂಡಿನ ಸದ್ದಿನ ನಡುವೆ ನನ್ನ ಗಂಟಲಿಂದ ನರೇಂದ್ರ ಹರಿಯತೊಡಗಿದ. ಅವನು ಎಡಕ್ಕೆ ಹೋದ, ಬಲಕ್ಕೆ ತಿರುಗಿದ, ಕಾಲು ಚಾಚಿ ಒಬ್ಬನನ್ನು ಮುಟ್ಟಿದ. ನಮ್ಮವರು ಕುಣಿದರು. ಅಲ್ಲಿಗೇ ವಾಪಸ್ ಬರಬಹುದಿತ್ತು. ಅವನು ಇನ್ನೂ ಒಳಗೆ ಹೋದ.

ಆಗ ಅವನ ತುಟಿ ಆಡುವುದು ನಿಂತಿತು.

ಅವನು ಪಕ್ಕಕ್ಕೆ ತಿರುಗಿದ್ದರಿಂದ ನನಗೆ ಅದು ಸ್ಪಷ್ಟವಾಗಿ ಕಂಡಿತು. ತುಟಿ ನಿಂತಿದೆ, ಕಬಡ್ಡಿ ಮಾತ್ರ ನಿಂತಿಲ್ಲ. ರೆಫ್ರಿ ಅವನ ಕಾಲು ನೋಡುತ್ತಿದ್ದರು, ಗೆರೆ ನೋಡುತ್ತಿದ್ದರು. ನರೇಂದ್ರ ಅಂಕಣದ ತುದಿಯಲ್ಲಿ ನಿಂತು, ಯಾವ ರೈಡರ್ರೂ ಮಾಡದ ಒಂದು ಕೆಲಸ ಮಾಡಿದ. ಎದುರಾಳಿಗಳಿಗೆ ಪೂರ್ತಿ ಬೆನ್ನು ಕೊಟ್ಟು ನನ್ನ ಕಡೆ ತಿರುಗಿದ. ಮುಖ ಬೂದಿ ಬಣ್ಣವಾಗಿತ್ತು. ಬಲಗೈ ಎದೆಯ ಮೇಲಿತ್ತು. ಎಡಗೈಯನ್ನು ಸೊಂಟದ ಹತ್ತಿರ ಇಟ್ಟುಕೊಂಡು, ಬೇರೆ ಯಾರಿಗೂ ಕಾಣದ ಹಾಗೆ, ಬೆರಳನ್ನು ಸುತ್ತಿಸಿದ. ಬಿಡ್ತಾ ಇರು, ಬಿಡ್ತಾ ಇರು.

ನಾನು ಬಿಡುತ್ತಾ ಇದ್ದೆ.

ನಿಂತರೆ ಪಾಯಿಂಟ್ ಹೋಗುತ್ತದೆ. ನಿಂತರೆ ಶಾಮಿಯಾನದಲ್ಲಿ ಎತ್ತಿದ ಬೆರಳು ಕೆಳಗಿಳಿಯುತ್ತದೆ. ಏಳನೇ ಕ್ಲಾಸಿನಿಂದ ಅವನು ಹೇಳುತ್ತಿದ್ದ ಹಾಸ್ಟೆಲ್ ಹೋಗುತ್ತದೆ. ನನ್ನ ಹತ್ತಿರ ಉಸಿರಿತ್ತು, ಇನ್ನೂ ಬೇಕಾದಷ್ಟಿತ್ತು, ಅದೇ ನನ್ನನ್ನು ಹೆದರಿಸಿತು. ನನ್ನ ಉಸಿರು ಮುಗಿಯುವವರೆಗೂ ಅವನು ಅಲ್ಲೇ ನಿಂತಿರುತ್ತಾನೆ, ಮನೆಗೆ ಬರುವುದಿಲ್ಲ.

ಕಾಲರನ್ನು ಹಲ್ಲಿನಿಂದ ಬಿಟ್ಟು ಬಾಯಿ ಮುಚ್ಚಿದೆ.

ಬ್ಯಾಂಡ್ ಬಡಿಯುತ್ತಿದ್ದರೂ ಅಂಕಣದೊಳಗೆ ಥಟ್ಟನೆ ಏನೋ ಕಳೆದುಹೋದ ಹಾಗಾಯಿತು. ರೆಫ್ರಿ ತಲೆಯೆತ್ತಿದರು. ಸೀಟಿ ಊದಿದರು. ನರೇಂದ್ರ ನನ್ನನ್ನೇ ನೋಡುತ್ತಿದ್ದ. ಕೋಪ ಇತ್ತು ಆ ಕಣ್ಣಲ್ಲಿ, ನಾನು ಅದನ್ನು ಕಂಡೆ. ಆಮೇಲೆ ಮಂಡಿ ಮಡಿಸಿ ಕೆಳಗಿಳಿದ, ಮಣ್ಣಿನ ಮೇಲೆ ಪಕ್ಕಕ್ಕೆ ಒರಗಿದ. ಅವನನ್ನು ಹಿಡಿದು ಕೆಡವಲು ಕೈ ಚಾಚಿದ್ದ ಎದುರಾಳಿ ಹುಡುಗನೇ ಮೊದಲು ಕೂಗಿಕೊಂಡದ್ದು. "ಸಾರ್! ಇವ್ನು ಉಸಿರಾಡ್ತಿಲ್ಲ ಸಾರ್!"

ಅಲ್ಲಿದ್ದ ಡಾಕ್ಟರೊಬ್ಬರು ಮಣ್ಣಿನಲ್ಲೇ ಮಂಡಿಯೂರಿ ಅವನ ಎದೆ ಒತ್ತಿದರು. ನೀಲಕಂಠಪ್ಪ ಸಾರ್ ಅವನ ಪಾದ ಉಜ್ಜುತ್ತ, "ಬಾರೋ ಮಗನೇ, ಬಾರೋ" ಅನ್ನುತ್ತಿದ್ದರು. ಆಂಬುಲೆನ್ಸ್‌ಗೆ ಏರಿಸುವ ಹೊತ್ತಿಗೆ ಅವನ ಎದೆ ತಾನಾಗಿಯೇ ಏರಿಳಿಯುತ್ತಿತ್ತು. ಸಾರ್ ನನ್ನನ್ನೂ ಒಳಗೆ ಎಳೆದುಕೊಂಡರು. ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು: "ಚೆನ್ನಾಗೇ ಇದ್ನಲ್ಲೋ. ಕಬಡ್ಡಿ ಅಂತಾನೇ ಇದ್ನಲ್ಲೋ. ಎಷ್ಟ್ ಗಟ್ಟಿಯಾಗ್ ಅಂತಿದ್ದ!"

ಆಸ್ಪತ್ರೆಯ ಐಸಿಯು ಹೊರಗೆ ಸಾಲು ಕುರ್ಚಿ. ಸುಧಾಮಣಿ ಆಂಟಿ ಬಂದಾಗ ಅವರ ಸೆರಗಿನ ಮೇಲೆ ಹೊಲಿಗೆಯ ನೂಲಿನ ಚೂರುಗಳು ಅಂಟಿಕೊಂಡಿದ್ದವು. ಯಾರನ್ನೂ ಬೈಯಲಿಲ್ಲ, ಅಳಲಿಲ್ಲ. ನೇರ ಒಳಗೆ ಹೋದರು. ಸಾರ್ ಔಷಧಿ ತರಲು ಕೆಳಗೆ ಹೋಗಿದ್ದರು. ಬಾಗಿಲ ಹತ್ತಿರ ನಾನೊಬ್ಬನೇ ಕೂತೆ. ಒಳಗಿನ ಮೆಷಿನ್ನಿನ ಟಿಕ್ ಟಿಕ್ ಕೇಳುತ್ತಿತ್ತು. ನನ್ನ ಗಂಟಲು ತನ್ನಷ್ಟಕ್ಕೆ ಅದನ್ನು ಅನುಕರಿಸಲು ಹೊರಟಿತು. ಅಂಗೈಯಿಂದ ಬಾಯಿ ಒತ್ತಿ ಹಿಡಿದೆ.

ಆಂಟಿ ಹೊರಗೆ ಬಂದು ನನ್ನ ಪಕ್ಕ, ಬಾಗಿಲಿಗೆ ತಾಗಿದ್ದ ಕುರ್ಚಿಯಲ್ಲಿ ಕೂತರು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಕಣ್ಬಿಟ್ಟ" ಅಂದರು.

ನಾನು ತಲೆಯಾಡಿಸಿದೆ.

"ಡಾಕ್ಟ್ರು ಈಗ್ಲೇ ಏನೂ ಹೇಳಕ್ಕಾಗಲ್ಲ ಅಂದ್ರು. ಇನ್ಮೇಲೆ ಆಟ ಅಂತೂ ಇಲ್ವಂತೆ. ಜೀವ ಒಂದ್ ಉಳಿದ್ರೆ ಸಾಕು." ನನ್ನ ಕಡೆ ತಿರುಗಿದರು. "'ಡಬ್ಬಿಂಗ್ ಯಾಕ್ ನಿಲ್ಸ್ದ ಕೇಳು' ಅಂದ. ಏನಪ್ಪಾ ಅದು, ನೀನ್ ನಿಲ್ಸಿದ್ದು?"

"ಆಂಟಿ..."

"ಮಧ್ಯಾಹ್ನ ಲೈಬ್ರರೀಲೇ ಇದ್ನಲ್ಲಪ್ಪಾ. ನಾನೇ ಮಾತಾಡ್ದೆ. ಉಸಿರು ಕೇಳಿಸ್ಕೊಂಡೆ, ಎಷ್ಟ್ ಚೆನ್ನಾಗಿತ್ತು! ಆಮೇಲ್ ಅದ್ ಯಾವಾಗ ಗ್ರೌಂಡಿಗ್ ಬಂದ? ಅಷ್ಟ್ ಬೇಗ ಹೆಂಗ್ ಕೆಟ್ಟೋಯ್ತು?"

ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಯಿ ತೆರೆದರೆ ನನ್ನ ದನಿ ಬರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಬಂದದ್ದು ಅವನದು, ಜ್ವರಕ್ಕಿಂತ ಮುಂಚಿನವನದು, ಸ್ವಲ್ಪ ಸಿಡುಕಿನದು.

"ಅಮ್ಮಾ, ಲೈಬ್ರರೀಲಿದೀನಿ."

ಆಂಟಿ ಥಟ್ಟನೆ ಐಸಿಯು ಬಾಗಿಲ ಕಡೆ ತಿರುಗಿದರು. ಬಾಗಿಲು ಮುಚ್ಚಿತ್ತು. ಮತ್ತೆ ನನ್ನ ಕಡೆ ನೋಡಿದರು. ನನ್ನ ಬಾಯಿಯನ್ನು ನೋಡಿದರು. ನಾನು ಮೂಗಿನಿಂದ ಉಸಿರು ಎಳೆದು ಬಿಟ್ಟೆ, ಫೋನಿನಲ್ಲಿ ದಿನಾ ಬಿಡುತ್ತಿದ್ದ ಹಾಗೆ. ಅವರ ಕೈಯಲ್ಲಿದ್ದ ಫೋನ್ ಜಾರಿ ಮಡಿಲಿಗೆ ಬಿತ್ತು.

ಅವರ ಕೈ ಮೇಲೆದ್ದಿತು. ಹೊಡೆಯುತ್ತಾರೆಂದುಕೊಂಡು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಆ ಬೆರಳುಗಳು ನನ್ನ ಬಾಯಿ ಮೂಗು ಎರಡನ್ನೂ ಸೇರಿಸಿ ಬಿಗಿಯಾಗಿ ಮುಚ್ಚಿದವು.

"ಸದ್ದು ಮಾಡ್ಬೇಡ" ಅಂದರು ಬಹಳ ಮೆಲ್ಲಗೆ. "ನಂಗೆ ಅವನ್ದು ಕೇಳಿಸ್ಬೇಕು."

ಹಾಗೇ ಒಂದು ಕಿವಿಯನ್ನು ಐಸಿಯು ಬಾಗಿಲಿಗೆ ಒತ್ತಿ ಕೂತರು. ನಾನು ಅವರ ಕೈ ತೆಗೆಯಲಿಲ್ಲ. ಎದೆ ಉರಿಯತೊಡಗಿದರೂ ತೆಗೆಯಲಿಲ್ಲ. ಅವರಿಗೆ ಏನಾದರೂ ಕೇಳಿಸುತ್ತಿದೆಯೇ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.